ಚಂದ್ರಶೇಖರ್ ಮಿತಿ ನಿಜಕ್ಕೂ ಮುರಿದಿದೆಯೇ?

2025ರಲ್ಲಿ ಶ್ವೇತ ಕುಬ್ಜಗಳ, ಅಂದರೆ ಇಂಧನ ಮುಗಿದ ನಕ್ಷತ್ರಗಳ ಉಳಿದ ತಿರುಳಿನ, ಬಗ್ಗೆ ಎರಡು ದೊಡ್ಡ ಸುದ್ದಿಗಳು ಬಂದವು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಗೊಂದಲ ಆಗುವುದು ಸಹಜ.

ಏಪ್ರಿಲ್‌ನಲ್ಲಿ ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ತಂಡ ಒಂದು ಜೋಡಿ ನಕ್ಷತ್ರದ ವಿವರ ಪ್ರಕಟಿಸಿತು. ನಮ್ಮಿಂದ ಸುಮಾರು 160 ಜ್ಯೋತಿರ್ವರ್ಷ ದೂರದಲ್ಲಿ ಎರಡು ಶ್ವೇತ ಕುಬ್ಜಗಳು 14 ಗಂಟೆಗೊಮ್ಮೆ ಒಂದನ್ನೊಂದು ಸುತ್ತುತ್ತಿವೆ. ಎರಡರ ದ್ರವ್ಯರಾಶಿ ಕೂಡಿಸಿದರೆ ಸೂರ್ಯನ ಸುಮಾರು 1.56 ಪಟ್ಟು. ಒಂದು ಶ್ವೇತ ಕುಬ್ಜ ಕುಸಿಯದೆ ಹೊರಬಲ್ಲ ಅತಿ ಹೆಚ್ಚಿನ ದ್ರವ್ಯರಾಶಿಯೇ ಚಂದ್ರಶೇಖರ್ ಮಿತಿ. ಆ ಮಿತಿ ಎಂದು ನಾವು ಓದಿಕೊಂಡು ಬಂದಿರುವ 1.44ಕ್ಕಿಂತ ಇದು ಜಾಸ್ತಿ. ಜುಲೈಯಲ್ಲಿ ಇನ್ನೊಂದು ತಂಡ ಒಂದು ಹಳೆಯ ಸೂಪರ್‌ನೋವಾದ (ನಕ್ಷತ್ರ ಸ್ಫೋಟದ) ಅವಶೇಷದ ಚಿತ್ರ ತೋರಿಸಿತು. ಅಲ್ಲಿ ಸಿಡಿದ ಶ್ವೇತ ಕುಬ್ಜ ಮಿತಿಯ ಹತ್ತಿರಕ್ಕೂ ಹೋಗದೆ ಸಿಡಿದಿತ್ತು ಎಂದು ಆ ಚಿತ್ರ ಹೇಳುತ್ತಿತ್ತು.

ಒಂದು ಕಡೆ ಮಿತಿ ಮೀರಿದ ಜೋಡಿ. ಇನ್ನೊಂದು ಕಡೆ ಮಿತಿ ಮುಟ್ಟದೆಯೇ ಆದ ಸ್ಫೋಟ. ಹಾಗಾದರೆ ಆ 1.44ಕ್ಕೆ ಅರ್ಥ ಏನು? ಕೆಲವು ವರ್ಷಗಳಿಗೊಮ್ಮೆ "ಚಂದ್ರಶೇಖರ್ ಮಿತಿ ಮುರಿಯಿತು" ಎಂಬ ತಲೆಬರಹ ಬರುತ್ತದೆ. ನನ್ನ ಪ್ರಕಾರ ಮಿತಿ ಮುರಿದಿಲ್ಲ. ಮುರಿದಿರುವುದು ಅದಕ್ಕೆ ನಾವು ಪಠ್ಯಪುಸ್ತಕಗಳಲ್ಲಿ ಜೋಡಿಸಿಕೊಂಡಿದ್ದ ಒಂದು ಸರಳ ಕಥೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಅದಕ್ಕೆ ಮೊದಲು ಮಿತಿ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು.

ಬೆಂಕಿ ಆರಿದ ಮೇಲೂ ಕುಸಿಯದ ನಕ್ಷತ್ರ

ಸೂರ್ಯನಂಥ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿಯದೆ ನಿಂತಿರುವುದು ಒಳಗಿನ ಬಿಸಿಯಿಂದ. ಬಿಸಿ ಅನಿಲ ಹೊರಕ್ಕೆ ಒತ್ತುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಇಂಧನ ಮುಗಿದ ಮೇಲೆ ಹೊರಪದರಗಳು ಕಳಚಿ ಹೋಗುತ್ತವೆ, ತಿರುಳು ಮಾತ್ರ ಉಳಿಯುತ್ತದೆ. ಅದೇ ಶ್ವೇತ ಕುಬ್ಜ. ಹುಟ್ಟುವಾಗ ಸೂರ್ಯನ ಸುಮಾರು 8 ಪಟ್ಟಿಗಿಂತ ಕಡಿಮೆ ಇದ್ದ ನಕ್ಷತ್ರಗಳ ಕೊನೆ ಸಾಮಾನ್ಯವಾಗಿ ಹೀಗೆಯೇ. ನಮ್ಮ ಆಕಾಶಗಂಗೆಯ ನಕ್ಷತ್ರಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಈ ದಾರಿಯಲ್ಲೇ ಹೋಗುತ್ತವೆ. ಸೂರ್ಯನೂ ಇದಕ್ಕೆ ಹೊರತಲ್ಲ.

ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಲುಬ್ಧಕಕ್ಕೆ ಇಂಥ ಒಬ್ಬ ಜೊತೆಗಾರನಿದ್ದಾನೆ. ಲುಬ್ಧಕ ಆಚೀಚೆ ತೂಗುವುದನ್ನು ಗಮನಿಸಿದ ಜರ್ಮನಿಯ ಬೆಸೆಲ್, ಪಕ್ಕದಲ್ಲಿ ಕಾಣದ ನಕ್ಷತ್ರವೊಂದು ಇರಬೇಕು ಎಂದು 1844ರಲ್ಲೇ ಹೇಳಿದ್ದರು. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ದೂರದರ್ಶಕದಲ್ಲಿ ಕಂಡರು. 1915ರಲ್ಲಿ ವಾಲ್ಟರ್ ಆಡಮ್ಸ್ ಅದರ ಬೆಳಕನ್ನು ಒಡೆದು ನೋಡಿದಾಗ ಅದು ತುಂಬಾ ಬಿಸಿ ಎಂದು ಗೊತ್ತಾಯಿತು. ಅಷ್ಟು ಬಿಸಿ ಇದ್ದೂ ಅಷ್ಟು ಮಂಕಾಗಿದೆ ಎಂದರೆ ಗಾತ್ರ ಬಹಳ ಸಣ್ಣದಿರಬೇಕು. ಇಂದಿನ ಅಳತೆಯ ಪ್ರಕಾರ ಅದರ ದ್ರವ್ಯರಾಶಿ ಹೆಚ್ಚುಕಡಿಮೆ ಸೂರ್ಯನಷ್ಟೇ, ಗಾತ್ರ ಭೂಮಿಗಿಂತ ಸ್ವಲ್ಪ ಕಡಿಮೆ. ಅಲ್ಲಿನ ಒಂದು ಘನ ಸೆಂಟಿಮೀಟರ್ ದ್ರವ್ಯ ಟನ್‌ಗಟ್ಟಲೆ ತೂಗುತ್ತದೆ.

ಇಂಥ ವಸ್ತು ತಣ್ಣಗಾದರೆ ಏನಾಗುತ್ತದೆ? ಬಿಸಿ ಹೋದಂತೆ ಒತ್ತಡವೂ ಹೋಗಬೇಕು, ನಕ್ಷತ್ರ ಕುಸಿಯಬೇಕು, ಅಲ್ವಾ? ಈ ಪ್ರಶ್ನೆಗೆ 1926ರಲ್ಲಿ ಕೇಂಬ್ರಿಡ್ಜ್‌ನ ರಾಲ್ಫ್ ಫೌಲರ್ ಉತ್ತರ ಕೊಟ್ಟರು. ಅದಕ್ಕೆ ಹಿಂದಿನ ವರ್ಷವಷ್ಟೇ ವೋಲ್ಫ್‌ಗ್ಯಾಂಗ್ ಪೌಲಿ ಒಂದು ನಿಯಮ ಕಂಡುಕೊಂಡಿದ್ದರು: ಒಂದೇ ಕ್ವಾಂಟಮ್ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಇರಲಾರವು. ಇದನ್ನು ಒಂದು ಮೆಟ್ಟಿಲ ಸಾಲಿನಂತೆ ನೋಡಬಹುದು. ಒಂದೊಂದು ಮೆಟ್ಟಿಲಿನಲ್ಲೂ ಇಬ್ಬರಿಗೆ ಮಾತ್ರ ಜಾಗ (ಆ ಇಬ್ಬರ ಸ್ಪಿನ್ ಬೇರೆ ಬೇರೆ, ಹಾಗಾಗಿ ಕ್ವಾಂಟಮ್ ಸ್ಥಿತಿಯೂ ಬೇರೆ). ಕೆಳಗಿನ ಮೆಟ್ಟಿಲು ತುಂಬಿದ ಮೇಲೆ ಬಂದವರು ಮೇಲಕ್ಕೆ ಹತ್ತಲೇಬೇಕು. ಎಲೆಕ್ಟ್ರಾನ್‌ಗಳ ಲೆಕ್ಕದಲ್ಲಿ ಮೇಲಿನ ಮೆಟ್ಟಿಲು ಎಂದರೆ ಹೆಚ್ಚಿನ ವೇಗ. ಹಾಗಾಗಿ ದ್ರವ್ಯವನ್ನು ಹಿಂಡಿದಷ್ಟೂ ಅವು ಜೋರಾಗಿ ಓಡುತ್ತವೆ, ಹೊರಕ್ಕೆ ಒತ್ತುತ್ತವೆ. ಈ ಒತ್ತಡಕ್ಕೆ ಬಿಸಿ ಬೇಕಿಲ್ಲ. ಪೂರ್ತಿ ತಣ್ಣಗಾದ ಶ್ವೇತ ಕುಬ್ಜವೂ ಕುಸಿಯದೆ ನಿಲ್ಲುತ್ತದೆ.

ಫೌಲರ್ ಅವರ ಲೆಕ್ಕದಲ್ಲಿ ಎಲ್ಲ ನಕ್ಷತ್ರಗಳಿಗೂ ಶಾಂತವಾದ ಕೊನೆ ಇತ್ತು. ಎಷ್ಟೇ ಭಾರವಿರಲಿ, ಒಂದಲ್ಲ ಒಂದು ಗಾತ್ರದಲ್ಲಿ ನಿಂತೇ ನಿಲ್ಲುತ್ತಿತ್ತು.

32 ಮತ್ತು 16

ಆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು. ಇದು ಎಲೆಕ್ಟ್ರಾನ್‌ಗಳಿಗೂ ಅನ್ವಯಿಸುತ್ತದೆ.

ಇಲ್ಲಿ ಸ್ವಲ್ಪ ಗಣಿತ ಮಾಡೋಣ, ಏಕೆಂದರೆ ಇಡೀ ವಿಷಯದ ಜೀವ ಇರುವುದು ಇಲ್ಲಿಯೇ. ಒಂದು ನಕ್ಷತ್ರದ ತ್ರಿಜ್ಯ ಅರ್ಧಕ್ಕೆ ಇಳಿಯಿತು ಎಂದುಕೊಳ್ಳಿ. ಗುರುತ್ವ ಜೋರಾಗುತ್ತದೆ. ಅದನ್ನು ತಡೆಯಲು ಬೇಕಾದ ಒತ್ತಡ ಮೊದಲಿನ 16 ಪಟ್ಟು ಆಗುತ್ತದೆ. ಎಲೆಕ್ಟ್ರಾನ್‌ಗಳು ಎಷ್ಟು ಕೊಡಬಲ್ಲವು? ಅವುಗಳ ಒತ್ತಡ ಮೂರು ಸಂಗತಿಗಳ ಗುಣಲಬ್ಧ: ಒಂದು ಘನ ಅಳತೆಯಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ, ಒಂದೊಂದಕ್ಕೂ ಎಷ್ಟು ಸಂವೇಗ ಇದೆ, ಎಷ್ಟು ವೇಗ ಇದೆ. ತ್ರಿಜ್ಯ ಅರ್ಧವಾದಾಗ ಸಂಖ್ಯೆ 8 ಪಟ್ಟು. ಪೌಲಿ ನಿಯಮದಿಂದ ಸಂವೇಗ 2 ಪಟ್ಟು. ವೇಗವೂ 2 ಪಟ್ಟು. ಒಟ್ಟು 8 × 2 × 2, ಅಂದರೆ 32. ಬೇಕಾದದ್ದು 16, ಸಿಕ್ಕಿದ್ದು 32. ಎಲೆಕ್ಟ್ರಾನ್‌ಗಳು ಗೆಲ್ಲುತ್ತವೆ, ಕುಸಿತ ನಿಲ್ಲುತ್ತದೆ. ಫೌಲರ್ ಕಂಡದ್ದು ಇದನ್ನೇ.

ಈಗ ಎಲೆಕ್ಟ್ರಾನ್‌ಗಳು ಆಗಲೇ ಬೆಳಕಿನ ವೇಗದ ಹತ್ತಿರ ಓಡುತ್ತಿವೆ ಎಂದುಕೊಳ್ಳಿ. ಸಂಖ್ಯೆ 8 ಪಟ್ಟು, ಸಂವೇಗ 2 ಪಟ್ಟು. ವೇಗ ಮಾತ್ರ ಹೆಚ್ಚುವಂತಿಲ್ಲ, ಅದು ಮೇಲಿನ ಅಂಚನ್ನು ಮುಟ್ಟಿಬಿಟ್ಟಿದೆ. ಹಾಗಾಗಿ ಸಿಗುವುದು 8 × 2, ಅಂದರೆ 16 ಮಾತ್ರ. ಬೇಕಾದದ್ದೂ 16. ನಕ್ಷತ್ರ ಎಷ್ಟು ಕುಗ್ಗಿದರೂ ಎರಡೂ ಕಡೆ ಸಮಸಮವಾಗಿ ಏರುತ್ತವೆ. ಕುಗ್ಗುವುದರಿಂದ ಎಲೆಕ್ಟ್ರಾನ್‌ಗಳಿಗೆ ಇನ್ನು ಯಾವ ಲಾಭವೂ ಇಲ್ಲ.

ಆಗ ಯಾರು ಗೆಲ್ಲುತ್ತಾರೆ ಎಂದು ತೀರ್ಮಾನಿಸುವುದು ದ್ರವ್ಯರಾಶಿ ಮಾತ್ರ. ಗಾತ್ರ ಅಷ್ಟೇ ಇದ್ದು ದ್ರವ್ಯರಾಶಿ ಇಮ್ಮಡಿಯಾದರೆ ಬೇಕಾದ ಒತ್ತಡ 4 ಪಟ್ಟು ಏರುತ್ತದೆ. ಎಲೆಕ್ಟ್ರಾನ್‌ಗಳು ಕೊಡುವ ಒತ್ತಡ ಏರುವುದು ಸುಮಾರು 2.5 ಪಟ್ಟು ಅಷ್ಟೇ. ಹೀಗೆ ಒಂದು ದ್ರವ್ಯರಾಶಿಯನ್ನು ದಾಟಿದ ಮೇಲೆ ಗುರುತ್ವಕ್ಕೇ ಗೆಲುವು. ಆ ದ್ರವ್ಯರಾಶಿಯೇ ಚಂದ್ರಶೇಖರ್ ಮಿತಿ.

ಈ ಲೆಕ್ಕದಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ವಿಷಯ ಒಂದಿದೆ. ಮಿತಿಯ ಸೂತ್ರದಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿ ಬರುವುದೇ ಇಲ್ಲ! ಎಲೆಕ್ಟ್ರಾನ್ ಎರಡು ಪಟ್ಟು ಭಾರವಾಗಿದ್ದರೂ ಮಿತಿ ಅಷ್ಟೇ ಇರುತ್ತಿತ್ತು. ಬೇಕಾಗುವುದು ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ, ಗುರುತ್ವ ಸ್ಥಿರಾಂಕ, ಪ್ರೋಟಾನಿನ ದ್ರವ್ಯರಾಶಿ. ಜೊತೆಗೆ ಒಂದು ಎಲೆಕ್ಟ್ರಾನಿಗೆ ಎಷ್ಟು ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಭಾರ ಅಂಟಿಕೊಂಡಿದೆ ಎಂಬ ಲೆಕ್ಕ. ಅಣುವಿನ ಲೋಕದ ಕೆಲವೇ ಅಂಕಿಗಳಿಂದ ನಕ್ಷತ್ರದ ಹಣೆಬರಹ ಗೊತ್ತಾಗುತ್ತದೆ.

0.91ರಿಂದ 1.44ಕ್ಕೆ

1930ರ ಜುಲೈ ಕೊನೆಯಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಓದು ಮುಗಿಸಿ, ಫೌಲರ್ ಅವರ ಬಳಿ ಸಂಶೋಧನೆ ಮಾಡಲು ಹಡಗು ಹತ್ತಿದರು. ಆ ಪ್ರಯಾಣದಲ್ಲೇ ಅವರು ಫೌಲರ್ ಲೆಕ್ಕಕ್ಕೆ ಸಾಪೇಕ್ಷತೆಯನ್ನು, ಅಂದರೆ ಬೆಳಕಿನ ವೇಗದ ಈ ಕಟ್ಟಳೆಯನ್ನು, ಸೇರಿಸಿದರು. 1931ರಲ್ಲಿ ಬಂದ ಅವರ ಎರಡೇ ಪುಟಗಳ ಲೇಖನದಲ್ಲಿ ಮಿತಿ 1.44 ಎಂದಿಲ್ಲ. ಅಲ್ಲಿರುವುದು 0.91.

ಇದು ತಪ್ಪಲ್ಲ. ಒಂದು ಎಲೆಕ್ಟ್ರಾನಿಗೆ ಸರಾಸರಿ 2.5 ಕಣಗಳ (ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ) ಭಾರ ಎಂದು ಆಗ ಇಟ್ಟುಕೊಂಡಿದ್ದರು. ಮಿತಿ ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಶ್ವೇತ ಕುಬ್ಜಗಳು ಹೆಚ್ಚಾಗಿ ಕಾರ್ಬನ್ ಮತ್ತು ಆಮ್ಲಜನಕದಿಂದ ಆದವು. ಕಾರ್ಬನ್ನಿನಲ್ಲಿ 6 ಎಲೆಕ್ಟ್ರಾನಿಗೆ 12 ಕಣಗಳು, ಆಮ್ಲಜನಕದಲ್ಲಿ 8ಕ್ಕೆ 16. ಎರಡರಲ್ಲೂ ಅನುಪಾತ 2. ಅದನ್ನು ಹಾಕಿದರೆ ಬರುವುದೇ ನಮಗೆ ಪರಿಚಿತವಾದ 1.44. ಸ್ಥಿರಾಂಕಗಳ ಇಂದಿನ ಬೆಲೆ ಹಾಕಿದರೆ 1.46ರ ಹತ್ತಿರ. ಇಡೀ ನಕ್ಷತ್ರ ಕಬ್ಬಿಣದ್ದಾಗಿದ್ದರೆ 26 ಎಲೆಕ್ಟ್ರಾನಿಗೆ 56 ಕಣಗಳು, ಆಗ ಮಿತಿ 1.26ಕ್ಕೆ ಇಳಿಯುತ್ತದೆ. ಅಂದರೆ ಮೊದಲ ದಿನದಿಂದಲೂ ಇದು ಒಂದೇ ಅಂಕಿ ಆಗಿರಲಿಲ್ಲ. ನಕ್ಷತ್ರ ಏತರಿಂದ ಆಗಿದೆ ಎಂಬುದರ ಮೇಲೆ ಅದು ನಿಂತಿದೆ.

ಇಲ್ಲಿ ಇನ್ನಿಬ್ಬರನ್ನು ನೆನೆಯದಿದ್ದರೆ ಅನ್ಯಾಯವಾಗುತ್ತದೆ. ಎಸ್ಟೋನಿಯಾದ ವಿಲ್ಹೆಲ್ಮ್ ಆಂಡರ್ಸನ್ ಮತ್ತು ಇಂಗ್ಲೆಂಡಿನ ಎಡ್ಮಂಡ್ ಸ್ಟೋನರ್ 1929 ಮತ್ತು 1930ರಲ್ಲಿ ಇಂಥದ್ದೇ ಮಿತಿಯನ್ನು ಕಂಡಿದ್ದರು. ಅವರು ನಕ್ಷತ್ರದ ಸಾಂದ್ರತೆ ಎಲ್ಲ ಕಡೆ ಒಂದೇ ಎಂದುಕೊಂಡು ಲೆಕ್ಕ ಹಾಕಿದ್ದರು. ಒಳಗೆ ಹೋದಂತೆ ಸಾಂದ್ರತೆ ಏರುವ ನಿಜವಾದ ನಕ್ಷತ್ರಕ್ಕೆ ಲೆಕ್ಕ ಹಾಕಿದವರು ಚಂದ್ರಶೇಖರ್. 1932ರಲ್ಲಿ ಸೋವಿಯತ್ ಒಕ್ಕೂಟದ ಲೆವ್ ಲ್ಯಾಂಡೌ ಕೂಡ ಸ್ವತಂತ್ರವಾಗಿ ಸುಮಾರು 1.5 ಎಂಬ ಉತ್ತರಕ್ಕೆ ಬಂದರು.

ಮುಂದಿನದು ಬಹಳ ಜನಕ್ಕೆ ಗೊತ್ತಿರುವ ಕಥೆ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಚಂದ್ರಶೇಖರ್ ತಮ್ಮ ಪೂರ್ಣ ಲೆಕ್ಕ ಮುಂದಿಟ್ಟರು. ಅವರ ನಂತರ ಮಾತಾಡಿದ, ಆ ಕಾಲದ ಹೆಸರಾಂತ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಅದನ್ನು ತಳ್ಳಿಹಾಕಿದರು. ನಕ್ಷತ್ರ ಇಂಥ ಅಸಂಬದ್ಧ ರೀತಿಯಲ್ಲಿ ವರ್ತಿಸದಂತೆ ತಡೆಯುವ ಪ್ರಕೃತಿ ನಿಯಮ ಒಂದು ಇರಲೇಬೇಕು ಎಂಬುದು ಅವರ ವಾದ. ಗಮನಿಸಿ, ಕುಸಿತ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಎಡಿಂಗ್ಟನ್ನರಿಗೆ ಸರಿಯಾಗಿಯೇ ಅರ್ಥವಾಗಿತ್ತು. ಬೆಳಕೂ ಹೊರಬರಲಾಗದಷ್ಟು ಸಣ್ಣದಾಗುವ ನಕ್ಷತ್ರವನ್ನು ಅವರು ಅಲ್ಲೇ ಬಣ್ಣಿಸಿದ್ದರು, ಆದರೆ ಅದನ್ನು ನಂಬಲು ಒಪ್ಪಲಿಲ್ಲ. ಇಂದು ಅದನ್ನೇ ಕಪ್ಪುಕುಳಿ ಎನ್ನುತ್ತೇವೆ. ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಅಂಕಿಯ ಹಿಂದಿರುವ ಷರತ್ತುಗಳು

1.44 ಎನ್ನುವಾಗ ನಾವು ಹೇಳದೆ ಬಿಡುವ ಷರತ್ತುಗಳು ಹಲವು. ನಕ್ಷತ್ರ ತಣ್ಣಗಿರಬೇಕು. ತಿರುಗಬಾರದು. ಕಾಂತಕ್ಷೇತ್ರ ಇರಬಾರದು. ಅದರೊಳಗೆ ಪರಮಾಣು ಬೀಜಗಳು ಸುಮ್ನೆ ಭಾರವಾಗಿ ಕೂತಿರಬೇಕು, ಬೇರೇನೂ ಮಾಡಬಾರದು. ನಿಜವಾದ ನಕ್ಷತ್ರ ಇದರಲ್ಲಿ ಯಾವುದನ್ನೂ ಪೂರ್ತಿಯಾಗಿ ಪಾಲಿಸುವುದಿಲ್ಲ.

ಕೆಲವು ಷರತ್ತುಗಳನ್ನು ಸಡಿಲಿಸಿದರೆ ಮಿತಿ ಕೆಳಗಿಳಿಯುತ್ತದೆ. ಎಲೆಕ್ಟ್ರಾನ್ ಮತ್ತು ಪರಮಾಣು ಬೀಜಗಳ ನಡುವಿನ ವಿದ್ಯುತ್ ಸೆಳೆತ ಒತ್ತಡವನ್ನು ಸ್ವಲ್ಪ ತಗ್ಗಿಸುತ್ತದೆ. ಸಾಮಾನ್ಯ ಸಾಪೇಕ್ಷತೆಯ ಪ್ರಕಾರ ಒತ್ತಡಕ್ಕೂ ಗುರುತ್ವ ಇದೆ. ನಕ್ಷತ್ರವನ್ನು ಎತ್ತಿ ಹಿಡಿಯಬೇಕಾದ ಒತ್ತಡವೇ ಅದನ್ನು ಒಳಕ್ಕೂ ಎಳೆಯುತ್ತದೆ. ಇನ್ನು ಆಮ್ಲಜನಕ ಮತ್ತು ನಿಯಾನ್ ಇರುವ ಭಾರೀ ಶ್ವೇತ ಕುಬ್ಜಗಳಲ್ಲಿ ಸಾಂದ್ರತೆ ಅತಿಯಾದಾಗ ಪರಮಾಣು ಬೀಜಗಳು ಎಲೆಕ್ಟ್ರಾನ್‌ಗಳನ್ನು ನುಂಗಲು ಶುರು ಮಾಡುತ್ತವೆ. ಆಧಾರವೇ ಕರಗಿದಂತಾಗಿ ನಕ್ಷತ್ರ ನ್ಯೂಟ್ರಾನ್ ನಕ್ಷತ್ರವಾಗಿ ಕುಸಿಯಬಹುದು. ಕಾರ್ಬನ್-ಆಮ್ಲಜನಕದ ನಕ್ಷತ್ರ ಸುಮಾರು 1.38 ಮುಟ್ಟುವಾಗಲೇ ನಡುವಿನ ಸಾಂದ್ರತೆ ಎಷ್ಟು ಏರಿರುತ್ತದೆಂದರೆ ಕಾರ್ಬನ್ ಉರಿಯತೊಡಗುತ್ತದೆ. ಆದ್ದರಿಂದ ಅಂಥ ನಕ್ಷತ್ರ 1.44ರ ಗೆರೆಯನ್ನು ನಿಜವಾಗಿ ಮುಟ್ಟುವುದೇ ಇಲ್ಲ.

ಈ ಅಂಚಿಗೆ ಅತಿ ಹತ್ತಿರ ನಿಂತಿರುವ ನಕ್ಷತ್ರವೊಂದನ್ನು 2021ರಲ್ಲಿ ಇಲಾರಿಯಾ ಕಯಾಜ್ಜೊ ಅವರ ತಂಡ ವಿವರಿಸಿತು. ಸುಮಾರು 130 ಜ್ಯೋತಿರ್ವರ್ಷ ದೂರದ ಈ ಶ್ವೇತ ಕುಬ್ಜದ ದ್ರವ್ಯರಾಶಿ ಸೂರ್ಯನ 1.33ರಿಂದ 1.37 ಪಟ್ಟಿನ ನಡುವೆ. ಅಡ್ಡಳತೆ ಸುಮಾರು 4,300 ಕಿಲೋಮೀಟರ್, ಚಂದ್ರನಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. 7 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ. ಕಾಂತಕ್ಷೇತ್ರ 60 ಕೋಟಿಯಿಂದ 90 ಕೋಟಿ ಗಾಸ್. ಎರಡು ಶ್ವೇತ ಕುಬ್ಜಗಳು ಸೇರಿ ಹುಟ್ಟಿದ್ದಿರಬೇಕು ಎಂಬುದು ತಂಡದ ತೀರ್ಮಾನ. ಲುಬ್ಧಕದ ಜೊತೆಗಾರನಿಗಿಂತ ಇದು ಹೆಚ್ಚು ಭಾರ, ಆದರೆ ಗಾತ್ರದಲ್ಲಿ ಅದರ ಅರ್ಧಕ್ಕೂ ಕಡಿಮೆ. ಭಾರ ಹೆಚ್ಚಿದಂತೆ ಗಾತ್ರ ಕುಗ್ಗಬೇಕು ಎಂದು ಸಿದ್ಧಾಂತ ಹೇಳಿತ್ತು. ಇಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಬೇರೆ ಷರತ್ತುಗಳನ್ನು ಸಡಿಲಿಸಿದರೆ ಮಿತಿ ಮೇಲೇರುತ್ತದೆ. ಇಡೀ ನಕ್ಷತ್ರ ಒಂದೇ ಗಟ್ಟಿ ವಸ್ತುವಿನಂತೆ ತಿರುಗಿದರೆ ಏರಿಕೆ ಸಣ್ಣದು, ಸುಮಾರು 1.48ರವರೆಗೆ. ಒಳಭಾಗ ಹೊರಭಾಗಕ್ಕಿಂತ ಬಹಳ ವೇಗವಾಗಿ ತಿರುಗಿದರೆ ಕಥೆಯೇ ಬೇರೆ. 1968ರಲ್ಲಿ ಜೆರೆಮಿಯಾ ಆಸ್ಟ್ರೈಕರ್ ಮತ್ತು ಪೀಟರ್ ಬೋಡೆನ್‌ಹೈಮರ್ ಕಾಗದದ ಮೇಲೆ ಸೂರ್ಯನ 4 ಪಟ್ಟಿನವರೆಗೂ ಹೋದರು. ಆದರೆ ಪದರಗಳು ಒಂದನ್ನೊಂದು ಉಜ್ಜುತ್ತವೆ, ಕಾಂತಕ್ಷೇತ್ರ ಅವನ್ನು ಬಿಗಿಯುತ್ತದೆ. ಅಂಥ ತಿರುಗಾಟ ಬಹಳ ಕಾಲ ಉಳಿಯುವುದು ಕಷ್ಟ.

ಕಾಂತಕ್ಷೇತ್ರದ ವಿಷಯದಲ್ಲಿ ದೊಡ್ಡ ವಾದವೇ ನಡೆದಿದೆ. 2013ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪಾಸನಾ ದಾಸ್ ಮತ್ತು ಬನಿಬ್ರತ ಮುಖೋಪಾಧ್ಯಾಯ ಅವರು ಅತಿ ಪ್ರಬಲ ಕಾಂತಕ್ಷೇತ್ರ ಇದ್ದರೆ ಮಿತಿ 2.58ಕ್ಕೆ ಏರಬಹುದು ಎಂದರು. ಅಂಥ ಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳ ಚಲನೆಯ ರೀತಿಯೇ ಬದಲಾಗುತ್ತದೆ, ಒತ್ತಡ ಸಾಂದ್ರತೆಯೊಂದಿಗೆ ಇನ್ನೂ ಕಡಿದಾಗಿ ಏರುತ್ತದೆ ಎಂಬುದು ಅವರ ತರ್ಕ. ಇದಕ್ಕೆ ಬಂದ ಆಕ್ಷೇಪಗಳು ಗಟ್ಟಿಯಾಗಿವೆ. ರಾಜಾರಾಮ್ ನಿತ್ಯಾನಂದ ಮತ್ತು ಸುಶಾನ್ ಕೋನಾರ್ 2014ರಲ್ಲಿ ತೋರಿಸಿದಂತೆ, ಅಷ್ಟು ಪ್ರಬಲ ಕ್ಷೇತ್ರವೇ ನಕ್ಷತ್ರದ ಮೇಲೆ ಬಲ ಹಾಕುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಷ್ಟು ದೊಡ್ಡ ದ್ರವ್ಯರಾಶಿ ನಿಲ್ಲುವುದಿಲ್ಲ. ಇತರರು ಎಲೆಕ್ಟ್ರಾನ್ ನುಂಗುವಿಕೆಯ ತೊಂದರೆ ಎತ್ತಿದರು. ಮುಖೋಪಾಧ್ಯಾಯ ಅವರ ತಂಡ ನಂತರ ಕ್ಷೇತ್ರದ ಆಕಾರವನ್ನೂ ಸೇರಿಸಿ ಲೆಕ್ಕಗಳನ್ನು ಮುಂದುವರಿಸಿದೆ. ನನಗಂತೂ ಆಕ್ಷೇಪಗಳೇ ಹೆಚ್ಚು ತೂಕದವು ಎನ್ನಿಸುತ್ತದೆ. ಶ್ವೇತ ಕುಬ್ಜಗಳ ಮೇಲ್ಮೈಯಲ್ಲಿ ಈವರೆಗೆ ಅಳೆದಿರುವ ಅತಿ ಹೆಚ್ಚಿನ ಕ್ಷೇತ್ರ ಸುಮಾರು 100 ಕೋಟಿ ಗಾಸ್. ಈ ಲೆಕ್ಕಕ್ಕೆ ಬೇಕಾದದ್ದು ಅದಕ್ಕಿಂತ ಲಕ್ಷಾಂತರ ಪಟ್ಟು. ಆದರೂ ಈ ವಾದ ವ್ಯರ್ಥವಲ್ಲ. ಮಿತಿ ಯಾವ ಷರತ್ತಿನ ಮೇಲೆ ಎಷ್ಟು ನಿಂತಿದೆ ಎಂಬುದು ಇಂಥ ಜಗ್ಗಾಟದಿಂದಲೇ ಸ್ಪಷ್ಟವಾಗುವುದು.

ಸೂಪರ್‌ನೋವಾದ ಕಥೆ ಎಲ್ಲಿ ಎಡವಿತು

ಈಗ ಪಠ್ಯಪುಸ್ತಕದ ಕಥೆಗೆ ಬರೋಣ. ಒಂದು ಶ್ವೇತ ಕುಬ್ಜ ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತದೆ. ನಿಧಾನಕ್ಕೆ ಭಾರ ಏರುತ್ತದೆ. 1.44 ಮುಟ್ಟಿದ ಕ್ಷಣ ಸಿಡಿಯುತ್ತದೆ. ಎಲ್ಲವೂ ಒಂದೇ ದ್ರವ್ಯರಾಶಿಯಲ್ಲಿ ಸಿಡಿಯುವುದರಿಂದ ಎಲ್ಲದರ ಹೊಳಪೂ ಒಂದೇ. ಆದ್ದರಿಂದ 1ಎ ಬಗೆಯ ಸೂಪರ್‌ನೋವಾಗಳಿಂದ ಬ್ರಹ್ಮಾಂಡದ ದೂರ ಅಳೆಯಬಹುದು. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಮಿತಿ ದಾಟಿದ್ದರಿಂದ ನಕ್ಷತ್ರ ಸಿಡಿಯುವುದಲ್ಲ. ಮಿತಿ ದಾಟಿದರೆ ಆಗಬೇಕಾದದ್ದು ಕುಸಿತ. ಸಿಡಿತಕ್ಕೆ ಕಾರಣ ಕಾರ್ಬನ್ ಹೊತ್ತಿಕೊಳ್ಳುವುದು. ಸಾಮಾನ್ಯ ನಕ್ಷತ್ರದಲ್ಲಿ ಬಿಸಿ ಏರಿದರೆ ಒತ್ತಡ ಏರುತ್ತದೆ, ಅನಿಲ ಹಿಗ್ಗುತ್ತದೆ, ಮತ್ತೆ ತಂಪಾಗುತ್ತದೆ. ಶ್ವೇತ ಕುಬ್ಜದಲ್ಲಿ ಒತ್ತಡಕ್ಕೂ ಬಿಸಿಗೂ ಸಂಬಂಧ ಇಲ್ಲ ಎಂದು ಆಗಲೇ ನೋಡಿದೆವು. ಹಾಗಾಗಿ ಬಿಸಿ ಏರುತ್ತಲೇ ಹೋಗುತ್ತದೆ, ಉರಿ ಇನ್ನೂ ಜೋರಾಗುತ್ತದೆ, ತಡೆಯೇ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಇಡೀ ನಕ್ಷತ್ರ ಚೂರಾಗುತ್ತದೆ. ಉರಿಯಲ್ಲಿ ಹುಟ್ಟುವ ವಿಕಿರಣಶೀಲ ನಿಕಲ್ ಮೊದಲು ಕೋಬಾಲ್ಟ್ ಆಗಿ, ಆಮೇಲೆ ಕಬ್ಬಿಣವಾಗಿ ಮಾರ್ಪಡುತ್ತದೆ. ನಾವು ಕಾಣುವ ಹೊಳಪು ಅದರಿಂದಲೇ ಬರುವುದು.

ಎರಡನೆಯದು, ಹೊತ್ತಿಕೊಳ್ಳಲು ಮಿತಿಯ ಹತ್ತಿರ ಹೋಗಲೇಬೇಕೆಂದೂ ಇಲ್ಲ. ಶ್ವೇತ ಕುಬ್ಜದ ಮೇಲ್ಮೈಯಲ್ಲಿ ಹೀಲಿಯಂ ಸೇರಿಕೊಂಡಿದ್ದರೆ ಮೊದಲು ಅದು ಸ್ಫೋಟಿಸಬಹುದು. ಆ ಆಘಾತದ ಅಲೆ ಒಳಕ್ಕೆ ನುಗ್ಗಿ ಕಾರ್ಬನ್ನನ್ನೂ ಸ್ಫೋಟಿಸುತ್ತದೆ. ಇದಕ್ಕೆ ಸೂರ್ಯನಷ್ಟೇ ಭಾರದ ಶ್ವೇತ ಕುಬ್ಜ ಸಾಕು. ಈ ಇಮ್ಮಡಿ ಸ್ಫೋಟದ ಯೋಚನೆ ಹಳೆಯದು. 2025ರ ಜುಲೈನ ಚಿತ್ರ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ ಕೊಟ್ಟಿತು. ಸುಮಾರು 1,60,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಗಲನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿಯಲ್ಲಿರುವ ಆ ಅವಶೇಷವನ್ನು ಪ್ರಿಯಂ ದಾಸ್ ಅವರ ತಂಡ ಚಿಲಿಯ ವಿಎಲ್‌ಟಿ ದೂರದರ್ಶಕದಿಂದ ನೋಡಿತು. ಒಂದರೊಳಗೊಂದು ಎರಡು ಕ್ಯಾಲ್ಸಿಯಂ ಚಿಪ್ಪುಗಳು ಕಂಡವು. ಇಮ್ಮಡಿ ಸ್ಫೋಟದ ಮಾದರಿಗಳು ಹೇಳಿದ್ದ ಗುರುತು ಅದೇ.

ಈಗ ಏಪ್ರಿಲ್‌ನ ಜೋಡಿಯನ್ನು ಮತ್ತೆ ನೋಡಿ. ಒಟ್ಟು ಭಾರ 1.56 ಆದರೂ ಅದರಲ್ಲಿ ಒಂದೊಂದೂ 0.7 ಮತ್ತು 0.8ರ ಆಸುಪಾಸಿನಲ್ಲಿದೆ. ಅವು ಒಂದಾಗಲು ಇನ್ನೂ ಸುಮಾರು 2,300 ಕೋಟಿ ವರ್ಷ ಬೇಕು, ಅಂದರೆ ಬ್ರಹ್ಮಾಂಡದ ಈಗಿನ ವಯಸ್ಸಿಗಿಂತ ಹೆಚ್ಚು. ಅವು ಸೇರಿ 1.56ರ ಒಂದು ನಕ್ಷತ್ರವಾಗಿ, ಆಮೇಲೆ ಮಿತಿ ದಾಟಿ ಸಿಡಿಯುತ್ತವೆ ಎಂದು ಆ ತಂಡ ಹೇಳುತ್ತಿಲ್ಲ. ಒಂದರ ಮೇಲ್ಮೈಯ ಹೀಲಿಯಂ ಸ್ಫೋಟಿಸಿ, ಅದರ ತಿರುಳು ಸ್ಫೋಟಿಸಿ, ಆ ಹೊಡೆತಕ್ಕೆ ಇನ್ನೊಂದರ ಹೀಲಿಯಂ ಮತ್ತು ತಿರುಳು ಸ್ಫೋಟಿಸುತ್ತವೆ ಎಂಬುದು ಲೆಕ್ಕ. ಮಿತಿಗಿಂತ ಭಾರದ ಜೋಡಿ ಕೊಡುವುದು ಸಾಧಾರಣಕ್ಕಿಂತ ಮಂಕಾದ ಸೂಪರ್‌ನೋವಾ! ಹೊಳಪನ್ನು ತೀರ್ಮಾನಿಸುವುದು ಒಟ್ಟು ಭಾರವಲ್ಲ. ಎಷ್ಟು ನಿಕಲ್ ಹುಟ್ಟಿತು ಎಂಬುದು. ಅದು ಸ್ಫೋಟದ ಹೊತ್ತಿಗೆ ಒಂದೊಂದು ನಕ್ಷತ್ರದ ಸಾಂದ್ರತೆ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ.

ಇದಕ್ಕೆ ತದ್ವಿರುದ್ಧವಾದ ಸ್ಫೋಟಗಳೂ ಇವೆ. 2003ರಲ್ಲಿ ಕಂಡ ಒಂದು ಸೂಪರ್‌ನೋವಾ ಸಾಮಾನ್ಯದ ಎರಡು ಪಟ್ಟಿಗಿಂತ ಹೆಚ್ಚು ಹೊಳೆಯಿತು, ಆದರೆ ಅದರಿಂದ ಚಿಮ್ಮಿದ ದ್ರವ್ಯದ ವೇಗ ಕಡಿಮೆ ಇತ್ತು. 2006ರಲ್ಲಿ ಆಂಡ್ರ್ಯೂ ಹೋವೆಲ್ ಅವರ ತಂಡ, ಸಿಡಿದ ನಕ್ಷತ್ರ ಸೂರ್ಯನ 2 ಪಟ್ಟು ಇದ್ದಿರಬೇಕು ಎಂದಿತು. ಮುಂದೆ 2007 ಮತ್ತು 2009ರಲ್ಲೂ ಇಂಥವು ಸಿಕ್ಕವು. ಇವು ಇಂದಿಗೂ ಪೂರ್ತಿ ಬಿಡಿಸದ ಒಗಟು. ಎರಡು ಶ್ವೇತ ಕುಬ್ಜಗಳು ಸೇರಿ, ಅತಿ ವೇಗದ ತಿರುಗಾಟ ಸ್ವಲ್ಪ ಕಾಲ ಭಾರ ಹೊತ್ತಿರಬಹುದು. ಇಲ್ಲವೇ ಸ್ಫೋಟ ಸುತ್ತಲಿನ ದಟ್ಟ ಅನಿಲಕ್ಕೆ ಬಡಿದು ಹೆಚ್ಚು ಹೊಳಪು ಬಂದಿರಬಹುದು, ಆಗ ಅಷ್ಟು ಭಾರ ಬೇಕಾಗುವುದಿಲ್ಲ. ಇವೆರಡರಲ್ಲಿ ಯಾವುದು ನಿಜವಾದರೂ ತಣ್ಣಗಿನ, ತಿರುಗದ ನಕ್ಷತ್ರದ ಮಿತಿ ಅಲುಗುವುದಿಲ್ಲ.

1181ರಲ್ಲಿ ಚೀನಾ ಮತ್ತು ಜಪಾನಿನ ವೀಕ್ಷಕರು ಬರೆದಿಟ್ಟ ಹೊಸ ನಕ್ಷತ್ರದ ಜಾಗವನ್ನು ಈಗ ಒಂದು ವಿಚಿತ್ರ ನೀಹಾರಿಕೆಯೊಂದಿಗೆ ಗುರುತಿಸುತ್ತಾರೆ. ಅದರ ನಡುವೆ ಸುಮಾರು 2 ಲಕ್ಷ ಡಿಗ್ರಿ ಬಿಸಿಯ ನಕ್ಷತ್ರವೊಂದಿದೆ. ಸೆಕೆಂಡಿಗೆ 16,000 ಕಿಲೋಮೀಟರ್ ವೇಗದ ಗಾಳಿ ಅದರಿಂದ ಬೀಸುತ್ತಿದೆ. ಅದು ಎರಡು ಶ್ವೇತ ಕುಬ್ಜಗಳು ಸೇರಿ ಉಳಿದದ್ದು, ಮಿತಿಗಿಂತ ಭಾರ ಎಂದು 2019ರಲ್ಲಿ ಒಂದು ತಂಡ ವಾದಿಸಿತು. ಮಿತಿಯೊಳಗೇ ಇರಬಹುದು ಎಂಬ ಅಂದಾಜುಗಳೂ ನಂತರ ಬಂದಿವೆ. ಭಾರ ಮಿತಿ ಮೀರಿದ್ದರೂ ಆಶ್ಚರ್ಯವಿಲ್ಲ. ಅದು ಇನ್ನೂ ಕುದಿಯುತ್ತಿದೆ, ಬಿಸಿಯ ಒತ್ತಡ ಅದನ್ನು ಹಿಡಿದಿದೆ. ತಣ್ಣಗಾಗುವಾಗಲೇ ಅದರ ನಿಜವಾದ ಪರೀಕ್ಷೆ.

ದೂರದ ಅಳತೆಗೆ ಪೆಟ್ಟು ಬೀಳುತ್ತದೆಯೇ?

ಸೂಪರ್‌ನೋವಾಗಳು ಒಂದೇ ದ್ರವ್ಯರಾಶಿಯಲ್ಲಿ ಸಿಡಿಯದಿದ್ದರೆ ಬ್ರಹ್ಮಾಂಡದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂಬ 1998ರ ಶೋಧವೂ ತಪ್ಪೇ? ಇಲ್ಲ. ಆ ಶೋಧ 1.44 ಎಂಬ ಅಂಕಿಯನ್ನು ನಂಬಿ ನಿಂತಿರಲಿಲ್ಲ. ಹೆಚ್ಚು ಹೊಳೆಯುವ ಸೂಪರ್‌ನೋವಾ ನಿಧಾನವಾಗಿ ಮಂಕಾಗುತ್ತದೆ ಎಂದು 1993ರಲ್ಲಿ ಮಾರ್ಕ್ ಫಿಲಿಪ್ಸ್ ತೋರಿಸಿದ್ದರು. ಆ ನಂಟನ್ನು ಹಿಡಿದು ಒಂದೊಂದರ ಹೊಳಪನ್ನೂ ಸರಿಪಡಿಸುತ್ತಾರೆ. ಇದು ನೋಡಿ ಕಂಡುಕೊಂಡ ನಿಯಮ, ಸಿದ್ಧಾಂತದಿಂದ ಇಳಿಸಿದ್ದಲ್ಲ.

ಆದರೆ ಇಂದಿನ ಪ್ರಶ್ನೆಗಳು 1998ಕ್ಕಿಂತ ಬಹಳ ಸೂಕ್ಷ್ಮ. 2025ರ ಮಾರ್ಚ್‌ನಲ್ಲಿ ಅಮೆರಿಕದ ಆರಿಜೋನಾದಿಂದ ಆಕಾಶ ಅಳೆಯುವ ಡೆಸಿ ಯೋಜನೆಯ ವಿಜ್ಞಾನಿಗಳು, ಆ ಹಿಗ್ಗುವಿಕೆಗೆ ವೇಗ ಕೊಡುತ್ತಿದೆ ಎನ್ನುವ ಕಪ್ಪು ಶಕ್ತಿ ಕಾಲದೊಂದಿಗೆ ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟರು. ಅವರ ಅಳತೆಗೆ ಸೂಪರ್‌ನೋವಾ ಪಟ್ಟಿಗಳನ್ನು ಸೇರಿಸಿದಾಗ ಸುಳಿವಿನ ಬಲ 2.8 ಸಿಗ್ಮಾದಿಂದ 4.2 ಸಿಗ್ಮಾವರೆಗೆ ಬದಲಾಯಿತು (ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಡಿಮೆ). ಯಾವ ಸೂಪರ್‌ನೋವಾ ಪಟ್ಟಿ ಬಳಸುತ್ತೀರಿ ಎಂಬುದರ ಮೇಲೆ ಅದು ನಿಂತಿತ್ತು. ಇಲ್ಲಿ ಶ್ವೇತ ಕುಬ್ಜ ಹೇಗೆ ಸಿಡಿಯುತ್ತದೆ ಎಂಬುದು ನಿಜಕ್ಕೂ ಮುಖ್ಯವಾಗುತ್ತದೆ. ಹಳೆಯ ಬ್ರಹ್ಮಾಂಡದಲ್ಲಿ ಒಂದು ಬಗೆಯ ಸ್ಫೋಟ ಜಾಸ್ತಿ, ಈಗ ಇನ್ನೊಂದು ಬಗೆ ಜಾಸ್ತಿ ಎಂದಾದರೆ ನೂರಕ್ಕೆ ಒಂದೆರಡು ಪಾಲಿನ ವ್ಯತ್ಯಾಸವೂ ಕಪ್ಪು ಶಕ್ತಿ ಬದಲಾದಂತೆ ತೋರಿಸಬಲ್ಲದು. ಡೆಸಿ ಫಲಿತಾಂಶದ ಸುದ್ದಿಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಜಾಗ ಸಿಗುತ್ತಿಲ್ಲ ಎಂಬುದು ನನ್ನ ತಕರಾರು.

ಇದನ್ನು ಬಿಡಿಸಲು ಎರಡು ದಾರಿಗಳಿವೆ. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಹೊರತಂದಿತು. ಒಂದೇ ಆಕಾಶವನ್ನು ಮತ್ತೆ ಮತ್ತೆ ಸೆರೆಹಿಡಿಯುವ ಅದರ ಸಮೀಕ್ಷೆಯಿಂದ ಸೂಪರ್‌ನೋವಾಗಳ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಲಿದೆ. ಆಗ ಸ್ಫೋಟದ ಬಗೆಗಳನ್ನು ದೂರಕ್ಕೆ ತಕ್ಕಂತೆ ಬೇರ್ಪಡಿಸಿ ಎಣಿಸಬಹುದು. ಇನ್ನೊಂದು, ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟ ಲೀಸಾ ಯೋಜನೆ. 2030ರ ದಶಕದಲ್ಲಿ ಹಾರಲಿರುವ ಇದರ ಮೂರು ನೌಕೆಗಳು ಹತ್ತಿರ ಹತ್ತಿರ ಸುತ್ತುವ ಶ್ವೇತ ಕುಬ್ಜ ಜೋಡಿಗಳ ಗುರುತ್ವ ಅಲೆಗಳನ್ನು ಹಿಡಿಯುತ್ತವೆ. ಜೋಡಿ ಸುತ್ತುವ ವೇಗ ಹೇಗೆ ಏರುತ್ತಿದೆ ಎಂದು ನೋಡಿ ಅದರ ದ್ರವ್ಯರಾಶಿಯನ್ನು ಅಂದಾಜು ಮಾಡಬಹುದು, ಬೆಳಕನ್ನೇ ನೋಡದೆ. ಆಕಾಶಗಂಗೆಯಲ್ಲಿ ಇಂಥ ಸಾವಿರಾರು ಜೋಡಿಗಳು ಅದಕ್ಕೆ ಸಿಗುವ ನಿರೀಕ್ಷೆ ಇದೆ. ಒಟ್ಟು ಭಾರ ಮಿತಿಗಿಂತ ಮೇಲಿರುವ ಜೋಡಿಗಳು ಎಷ್ಟು, ಕೆಳಗಿರುವವು ಎಷ್ಟು ಎಂಬ ಎಣಿಕೆಯನ್ನು ಸೂಪರ್‌ನೋವಾಗಳ ಎಣಿಕೆಯ ಪಕ್ಕ ಇಟ್ಟು ನೋಡಲು ಆಗ ಸಾಧ್ಯವಾಗುತ್ತದೆ.